ಹನೋಯಿ: ಅಕ್ಷರ ಬದಲಾದ ಊರಿನಲ್ಲಿ ಎಂಟು ದಿನ

ವಿಯೆಟ್ನಾಮಿನ ರಾಜಧಾನಿ ಹನೋಯಿ ಕೆಂಪು ನದಿಯ ದಡದ ಊರು. 1010ರಲ್ಲಿ ಲೀ ತಾಯ್ ತೋ ಎಂಬ ಅರಸನು ಬೆಟ್ಟಗಳ ನಡುವಣ ಹ್ವಾ ಲೂ ಎಂಬ ರಾಜಧಾನಿಯನ್ನು ತೊರೆದು ಈ ಬಯಲಿಗೆ ಬಂದು ನೆಲೆಸಿದನು. ಊರಿಗೆ ‘ಮೇಲೇರುವ ಡ್ರ್ಯಾಗನ್’ ಎಂಬರ್ಥದ ಥಾಂಗ್ ಲಾಂಗ್ ಎಂಬ ಹೆಸರನ್ನಿಟ್ಟನು. ‘ನದಿಗಳ ಒಳಗೆ’ ಎಂಬರ್ಥದ ಹನೋಯಿ ಎಂಬ ಹೆಸರು ಬಂದದ್ದು 1831ರಲ್ಲಿ. ಸಾವಿರ ವರ್ಷ ದಾಟಿದ ಈ ನಗರದಲ್ಲಿ ನಾನು ಎಂಟು ದಿನ ಇದ್ದೆ. ಚಾಂದ್ರಮಾನ ಹೊಸ ವರ್ಷದ ಹಬ್ಬವಾದ ತೆತ್ ಆಗಷ್ಟೇ ಮುಗಿದಿತ್ತು. ಫೆಬ್ರವರಿ ಎಂದರೆ ನಮ್ಮ ಕರಾವಳಿಯಲ್ಲಿ ಸೆಕೆ ತಲೆಯೆತ್ತುವ ಕಾಲ. ಅಲ್ಲಿಯಾದರೋ ಮೈ ನಡುಗಿಸುವ ಚಳಿ, ಮಳೆಯೆನ್ನಲಾಗದ, ಮಂಜೆನ್ನಲೂ ಆಗದ ಸಣ್ಣ ತುಂತುರು.

ನಗರದ ನಡುವೆ ಹ್ವಾನ್ ಕಿಯೆಮ್ ಎಂಬ ಕೆರೆಯಿದೆ. ಅದರ ಉತ್ತರಕ್ಕಿರುವ ಹಳೆಯ ಪೇಟೆಯನ್ನು ‘ಮೂವತ್ತಾರು ಬೀದಿಗಳು’ ಎಂದು ಕರೆಯುವುದು ರೂಢಿ. ಒಂದೊಂದು ಬೀದಿಯೂ ಒಂದೊಂದು ಕಸುಬಿಗೆ ಮೀಸಲಾಗಿದ್ದ ಕಾಲದ ನೆನಪು ಬೀದಿಯ ಹೆಸರಿನಲ್ಲಿಯೇ ಉಳಿದಿದೆ. ಹೆಸರಿನ ಮೊದಲಿಗೆ ಬರುವ ‘ಹಾಂಗ್’ ಎಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯ ಬೀದಿ, ಹಾಂಗ್ ಥಿಯೆಕ್ ತವರದ ಬೀದಿ. ಹಾಂಗ್ ಮಾ ಬೀದಿಯಲ್ಲಿ ಪಿತೃಗಳಿಗಾಗಿ ಸುಟ್ಟು ಅರ್ಪಿಸುವ ಕಾಗದದ ವಸ್ತುಗಳು ರಾಶಿ ಬಿದ್ದಿರುತ್ತವೆ. ತವರದ ಬೀದಿಯಲ್ಲಿ ಇಂದಿಗೂ ಸುತ್ತಿಗೆಯ ಸದ್ದು ನಿಂತಿಲ್ಲ. ಮನೆಗಳು ಬೀದಿಗೆ ಕಿರಿದಾದ ಮುಖ ತೋರಿಸಿ ಒಳಕ್ಕೆ ಸುರಂಗದಂತೆ ಉದ್ದವಾಗಿ ಹೋಗುತ್ತವೆ.

ಇಲ್ಲಿಯ ಬದುಕೆಲ್ಲ ಕಾಲುದಾರಿಯ ಮೇಲೆ. ಮೊಣಕಾಲೆತ್ತರಕ್ಕೂ ಬಾರದ ಪ್ಲಾಸ್ಟಿಕ್ ಮಣೆಗಳ ಮೇಲೆ ಕುಳಿತು ಜನ ಬೆಳಗಿನ ಫೋ ಎಂಬ ಅಕ್ಕಿ ಶ್ಯಾವಿಗೆಯ ಬಿಸಿ ಸಾರನ್ನು ಕುಡಿಯುತ್ತಾರೆ. ಮಧ್ಯಾಹ್ನ ಕೆಂಡದ ಮೇಲೆ ಮಾಂಸ ಸುಡುವ ಹೊಗೆ ಬೀದಿಯನ್ನು ತುಂಬುತ್ತದೆ. ಹೆಗಲ ಮೇಲಿನ ಅಡ್ಡೆಯ ಎರಡು ತುದಿಗೂ ಬುಟ್ಟಿ ತೂಗಿಸಿಕೊಂಡ ಹೆಂಗಸರು, ಸೈಕಲ್ಲಿನ ತುಂಬ ಹೂವು ಹೇರಿಕೊಂಡವರು ಇವರ ನಡುವೆಯೇ ದಾರಿ ಮಾಡಿಕೊಳ್ಳುತ್ತಾರೆ. ರಸ್ತೆಯಲ್ಲಿ ಮೋಟಾರ್ ಸೈಕಲ್ಲುಗಳ ಹೊಳೆ. ಅದನ್ನು ದಾಟಲು ಓಡಬಾರದು, ನಿಲ್ಲಲೂ ಬಾರದು. ಒಂದೇ ಹೆಜ್ಜೆಯಲ್ಲಿ ನಿಧಾನವಾಗಿ ನಡೆದರೆ ಹೊಳೆ ನಮ್ಮ ಎರಡೂ ಬದಿಗೆ ತಾನಾಗಿ ಸೀಳಿಕೊಳ್ಳುತ್ತದೆ. ಹಬ್ಬಕ್ಕೆಂದು ಮಾಡಿದ ಬಾನ್ ಚೂಂಗ್ ಎಂಬ ಚೌಕಾಕಾರದ ಕಡುಬು ಇನ್ನೂ ಅಂಗಡಿಗಳಲ್ಲಿತ್ತು. ಅಂಟು ಅಕ್ಕಿಯೊಳಗೆ ಹೆಸರುಬೇಳೆ ಮತ್ತು ಹಂದಿಮಾಂಸವನ್ನಿಟ್ಟು, ಹಸಿರು ಎಲೆಯಲ್ಲಿ ಕಟ್ಟಿ, ಗಂಟೆಗಟ್ಟಲೆ ಬೇಯಿಸುತ್ತಾರೆ. ಒಳಗಿನ ಹೂರಣ ಬೇರೆಯಾದರೂ ಎಲೆ ಬಿಚ್ಚಿದಾಗ ಬರುವ ಪರಿಮಳಕ್ಕೆ ನಮ್ಮ ಮೂಡೆ, ಕೊಟ್ಟಿಗೆಗಳ ನೆನಪಾಗದೆ ಇರದು.

ಅಡಿಕೆಯ ನಾಡಿನಿಂದ ಹೋದವನಿಗೆ ಅಲ್ಲಿ ಮತ್ತೊಂದು ಬೆರಗು ಕಾದಿತ್ತು. ಮಾರುಕಟ್ಟೆಯಲ್ಲಿ ಹಸಿ ಅಡಿಕೆಯ ಗೊನೆ, ವೀಳ್ಯದೆಲೆಯ ಕಟ್ಟು, ಸುಣ್ಣ. ಅಲ್ಲಿನ ಯುವಜನರಲ್ಲಿ ತಾಂಬೂಲ ಮೆಲ್ಲುವವರು ಅಪರೂಪ. ಆದರೆ ಅಡಿಕೆ ವೀಳ್ಯದ ಹರಿವಾಣವಿಲ್ಲದೆ ಮದುವೆಯ ನಿಶ್ಚಯ ನಡೆಯದು. ಮಕ್ಕಳೆಲ್ಲರೂ ಬಲ್ಲ ಕಥೆಯೊಂದಿದೆ. ಒಬ್ಬರಂತೆಯೇ ಒಬ್ಬರಿದ್ದ ಅಣ್ಣತಮ್ಮಂದಿರು. ಅಣ್ಣನಿಗೆ ಮದುವೆಯಾದ ಬಳಿಕ ತಮ್ಮನು ಒಂಟಿಯಾಗಿ ಮನೆ ಬಿಟ್ಟು ಹೋಗಿ ಹೊಳೆಯ ದಡದಲ್ಲಿ ಸುಣ್ಣದ ಕಲ್ಲಾದನು. ಹುಡುಕಿ ಬಂದ ಅಣ್ಣನು ಕಲ್ಲಿನ ಪಕ್ಕದಲ್ಲಿ ಅಡಿಕೆ ಮರವಾದನು. ಅವನನ್ನರಸಿ ಬಂದ ಮಡದಿಯು ಮರವನ್ನಪ್ಪಿದ ವೀಳ್ಯದ ಬಳ್ಳಿಯಾದಳು. ಮೂರೂ ಸೇರಿದಾಗ ಬಾಯಿ ಕೆಂಪಾಗುವುದೇಕೆಂದು ಕೇಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮ್ಮಲ್ಲಿಯೂ ಇಲ್ಲವೇನೋ.

ಇಷ್ಟೆಲ್ಲ ಪರಿಚಿತವೆನಿಸಿದ ಊರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅಕ್ಷರಗಳು. ಅಂಗಡಿಯ ಫಲಕ, ಪತ್ರಿಕೆ, ಪಠ್ಯಪುಸ್ತಕ ಎಲ್ಲವೂ ರೋಮನ್ ಲಿಪಿಯಲ್ಲಿವೆ. ಅಕ್ಷರಗಳ ಮೇಲೂ ಕೆಳಗೂ ಚುಕ್ಕೆ, ಗೀಟು, ಕೊಂಬುಗಳು. ವಿಯೆಟ್ನಾಮಿ ಭಾಷೆಯಲ್ಲಿ ಆರು ಸ್ವರಭಾರಗಳಿವೆ. ‘ಮಾ’ ಎಂಬ ಒಂದೇ ಉಲಿಯನ್ನು ಏರಿಸಿ, ಇಳಿಸಿ, ಮುರಿದು ಹೇಳಿದರೆ ಭೂತ, ಕೆನ್ನೆ, ಗೋರಿ, ಕುದುರೆ, ಭತ್ತದ ಸಸಿ ಎಂದು ಅರ್ಥ ಬೇರೆಬೇರೆಯಾಗುತ್ತದೆ. ಆ ಗೀಟು ಚುಕ್ಕೆಗಳು ಈ ಭೇದವನ್ನು ತೋರಿಸುತ್ತವೆ. ಆದರೆ ಊರಿನ ಗುಡಿ, ಗೋಪುರ, ಹೆಬ್ಬಾಗಿಲುಗಳ ಮೇಲೆ ಇರುವುದು ಈ ಅಕ್ಷರಗಳಲ್ಲ. ಚೀನೀ ಮಾದರಿಯ ಚಿತ್ರಾಕ್ಷರಗಳು.

ಹ್ವಾನ್ ಕಿಯೆಮ್ ಕೆರೆಯ ದಡದಲ್ಲಿ ಕುಂಚದ ಆಕಾರದ ಕಲ್ಲಿನ ಗೋಪುರವೊಂದಿದೆ. ನ್ಗುಯೆನ್ ವಾನ್ ಸಿಯೂ ಎಂಬ ವಿದ್ವಾಂಸನು 1865ರಲ್ಲಿ ಅದನ್ನು ಕಟ್ಟಿಸಿದನು. ಅದರ ಮೈಮೇಲೆ ಮೂರೇ ಮೂರು ದೊಡ್ಡ ಚಿತ್ರಾಕ್ಷರಗಳಿವೆ. ‘ನೀಲಿ ಬಾನಿನ ಮೇಲೆ ಬರೆ’ ಎಂದು ಅವುಗಳ ಅರ್ಥ. ವಾರಾಂತ್ಯದಲ್ಲಿ ಕೆರೆಯ ಸುತ್ತ ವಾಹನಗಳಿಗೆ ಪ್ರವೇಶವಿಲ್ಲ. ಮಕ್ಕಳು ಆಡುತ್ತಾರೆ, ಮುದುಕರು ವ್ಯಾಯಾಮ ಮಾಡುತ್ತಾರೆ, ತಂದೆತಾಯಿಗಳು ಗೋಪುರದ ಬುಡದಲ್ಲಿ ಫೋಟೋ ತೆಗೆಯುತ್ತಾರೆ. ಬರೆಯಿರೆಂದು ಹೇಳುವ ಆ ಮೂರು ಅಕ್ಷರಗಳನ್ನು ಸ್ವತಃ ಓದಬಲ್ಲವರು ಅವರಲ್ಲಿ ವಿರಳ.

ಇದೇ ಮಾತು ಇನ್ನೂ ಗಾಢವಾಗಿ ಅರಿವಿಗೆ ಬಂದುದು ವಾನ್ ಮಿಯೂ ಎಂಬ ಸಾಹಿತ್ಯ ಮಂದಿರದಲ್ಲಿ. 1070ರಲ್ಲಿ ಸ್ಥಾಪಿತವಾದ ಈ ಮಂದಿರದ ಪಕ್ಕದಲ್ಲಿಯೇ 1076ರಲ್ಲಿ ರಾಜಕುಮಾರರಿಗಾಗಿ ವಿದ್ಯಾಶಾಲೆ ಹುಟ್ಟಿತು. ಒಂದರ ಹಿಂದೊಂದಾಗಿ ಐದು ಅಂಗಳಗಳು. ಮೂರನೆಯದರಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ ನಿಂತ 82 ಶಿಲಾಫಲಕಗಳಿವೆ. 1442ರಿಂದ 1779ರವರೆಗಿನ ರಾಜಪರೀಕ್ಷೆಗಳಲ್ಲಿ ತೇರ್ಗಡೆಯಾದವರ ಹೆಸರುಗಳು ಅವುಗಳಲ್ಲಿ ಕೆತ್ತಲ್ಪಟ್ಟಿವೆ; ಮೊದಲ ಫಲಕಗಳು ನಿಂತದ್ದು 1484ರಲ್ಲಿ. ಯುನೆಸ್ಕೋ ಸಂಸ್ಥೆ ಇವನ್ನು ಜಗತ್ತಿನ ನೆನಪಿನ ದಾಖಲೆಗಳಲ್ಲಿ ಸೇರಿಸಿದೆ. ಪರೀಕ್ಷೆಗೆ ಮುನ್ನ ವಿದ್ಯಾರ್ಥಿಗಳು ಆಮೆಯ ತಲೆ ಸವರಿ ಸವರಿ ಕಲ್ಲು ಸವೆದದ್ದರಿಂದ ಈಗ ಬೇಲಿ ಹಾಕಿದ್ದಾರೆ.

ಮಂದಿರದ ಎದುರಿನ ಕೊಳದ ಬಳಿ ಹೊಸ ವರ್ಷದ ದಿನಗಳಲ್ಲಿ ಬರೆಹಗಾರರ ಸಂತೆ ನೆರೆಯುತ್ತದೆ. ಹಳೆಯ ಕಾಲದ ಉಡುಪು ತೊಟ್ಟ ಲೇಖಕರು ಕೆಂಪು ಕಾಗದದ ಮೇಲೆ ಕುಂಚದಿಂದ ಒಂದೊಂದು ಅಕ್ಷರ ಬರೆದುಕೊಡುತ್ತಾರೆ: ಭಾಗ್ಯ, ಆಯುಷ್ಯ, ತಾಳ್ಮೆ, ಹೃದಯ. ಕೆಲವರು ಅದೇ ಕುಂಚದಿಂದ ರೋಮನ್ ಅಕ್ಷರಗಳನ್ನೂ ಚಿತ್ರದಂತೆ ಬರೆಯುತ್ತಾರೆ. ಇಂಗ್ಲಿಷ್ ಅಭ್ಯಾಸವಾಗಲೆಂದು ಪ್ರವಾಸಿಗರಿಗೆ ಊರು ತೋರಿಸುವ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳು ಅಂದು ನನ್ನ ಜೊತೆಗಿದ್ದಳು. ಅವಳು ‘ತಾಳ್ಮೆ’ಯನ್ನು ಬರೆಯಿಸಿಕೊಂಡಳು. ಕಾಗದದ ಯಾವ ತುದಿ ಮೇಲೆ ಬರಬೇಕೆಂದು ಲೇಖಕನನ್ನೇ ಕೇಳಿ ತಿಳಿದುಕೊಂಡಳು. ತನ್ನ ಹಳ್ಳಿಯ ಮನೆಯಲ್ಲಿ ವಂಶಾವಳಿಯ ಹಳೆಯ ಪುಸ್ತಕವಿದೆಯೆಂದೂ, ಮುತ್ತಜ್ಜನ ತಂದೆ ಅದನ್ನು ಬರೆದನೆಂದೂ, ಮನೆಯಲ್ಲಿ ಯಾರಿಗೂ ಓದಲು ಬಾರದ್ದರಿಂದ ಹಣ ಕೊಟ್ಟು ಅನುವಾದ ಮಾಡಿಸಿದರೆಂದೂ ಹೇಳಿದಳು. ‘ಅನುವಾದ ಓದಿದಾಗ ನನಗೆ ಖುಷಿಯಾಯಿತು. ಆದರೆ ನಮ್ಮ ಮನೆಯ ಹೆಸರುಗಳನ್ನು ಹೊರಗಿನವರು ಬಂದು ಓದಿ ಹೇಳಬೇಕಾಯಿತಲ್ಲ’ ಎಂದು ನಕ್ಕಳು.

ಹೀಗಾದದ್ದು ಹೇಗೆ? ವಿಯೆಟ್ನಾಮಿನಲ್ಲಿ ರಾಜಕಾರ್ಯವೂ ಪರೀಕ್ಷೆಯೂ ಶತಮಾನಗಳ ಕಾಲ ಚೀನೀ ಬರೆಹದಲ್ಲಿ ನಡೆದವು. ತಮ್ಮ ನುಡಿಯನ್ನು ಬರೆಯಲು ಅವರು ಅದೇ ಮಾದರಿಯಲ್ಲಿ ‘ನೋಮ್’ ಎಂಬ ಅಕ್ಷರಗಳನ್ನು ರೂಪಿಸಿಕೊಂಡರು. ಕಲಿಯಲು ಅದು ಮತ್ತಷ್ಟು ಕಠಿನ. ಹದಿನೇಳನೆಯ ಶತಮಾನದಲ್ಲಿ ಬಂದ ಪೋರ್ಚುಗೀಸ್ ಮತ್ತಿತರ ಪಾದ್ರಿಗಳು ರೋಮನ್ ಅಕ್ಷರಗಳನ್ನು ಈ ಭಾಷೆಗೆ ಹೊಂದಿಸಿದರು. ಅಲೆಕ್ಸಾಂಡರ್ ದ ರೋಡ್ ಎಂಬ ಪಾದ್ರಿಯ ನಿಘಂಟು 1651ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಫ್ರೆಂಚರ ಆಳ್ವಿಕೆಯಲ್ಲಿ ಆ ಲಿಪಿ ಹಬ್ಬಿತು. 1919ರಲ್ಲಿ ಕೊನೆಯ ರಾಜಪರೀಕ್ಷೆ ನಡೆದು ಹಳೆಯ ವಿದ್ಯೆಯ ಬಾಗಿಲು ಮುಚ್ಚಿತು. 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಸ್ವಾತಂತ್ರ್ಯವನ್ನು ಸಾರಿದರು. ಆರು ದಿನಗಳ ಬಳಿಕ ಅವರ ಸರಕಾರ ಎಲ್ಲರಿಗೂ ಅಕ್ಷರ ಕಲಿಸುವ ಆಜ್ಞೆ ಹೊರಡಿಸಿತು. ಅಂದು ಬಹುಪಾಲು ಜನ ಓದುಬರೆಹ ಅರಿಯದವರು. ರೈತನೂ ಮೀನುಗಾರನೂ ಬೇಗ ಕಲಿಯಬಹುದಾದ ಅಕ್ಷರ ಅವರಿಗೆ ಬೇಕಾಗಿತ್ತು.

ಲಿಪಿ ಹೋದರೆ ಭಾಷೆಯೂ ಹೋಯಿತೆಂದು ನಾವು ಭಾವಿಸುತ್ತೇವೆ. ಹನೋಯಿಯಲ್ಲಿ ಹಾಗಾಗಲಿಲ್ಲ. ಹ್ವಾಂಗ್ ಸ್ವಾನ್ ಹಾನ್ ಎಂಬ ಗಣಿತಜ್ಞರು 1942ರಲ್ಲಿಯೇ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನಗಳ ಪಾರಿಭಾಷಿಕ ಪದಗಳನ್ನು ತಮ್ಮ ನುಡಿಯಲ್ಲಿ ಸಿದ್ಧಪಡಿಸಿ ಪ್ರಕಟಿಸಿದ್ದರು. ಸ್ವಾತಂತ್ರ್ಯ ಸಾರಿದ ವರ್ಷವೇ ವಿಶ್ವವಿದ್ಯಾಲಯವು ವಿಯೆಟ್ನಾಮಿ ಭಾಷೆಯಲ್ಲಿ ಪಾಠ ಆರಂಭಿಸಿತು. ನನ್ನ ಜೊತೆಗಿದ್ದ ಹುಡುಗಿ ಹೃದಯದ ಕವಾಟಗಳನ್ನೂ ಜ್ವರದ ಔಷಧಿಯನ್ನೂ ಕಲಿತದ್ದು ತಾಯಿನುಡಿಯಲ್ಲಿ. ಇಂಗ್ಲಿಷನ್ನು ಅವಳು ಇನ್ನೊಂದು ಭಾಷೆಯಾಗಿ ಕಲಿಯುತ್ತಿದ್ದಳು; ಮೊದಲ ಭಾಷೆಯ ಜಾಗಕ್ಕೆ ತಂದು ಕೂರಿಸಿರಲಿಲ್ಲ.

ಕೊನೆಯ ದಿನ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಹೋದೆ. ಅಲ್ಲಿ ವೋ ಕಾನ್ ಎಂಬಲ್ಲಿ ದೊರೆತ ಕಲ್ಲಿನ ಕಂಬವಿದೆ. ಅದರ ಭಾಷೆ ಸಂಸ್ಕೃತ. ಲಿಪಿ ದಕ್ಷಿಣ ಭಾರತದ ಬ್ರಾಹ್ಮಿಯ ಒಂದು ರೂಪ. ಕಾಲವನ್ನು ವಿದ್ವಾಂಸರು ಎರಡರಿಂದ ನಾಲ್ಕನೆಯ ಶತಮಾನದ ನಡುವೆ ಗುರುತಿಸುತ್ತಾರೆ. ಕನ್ನಡ ಅಕ್ಷರಗಳು ಬೆಳೆದು ಬಂದದ್ದೂ ಅದೇ ಬೇರಿನಿಂದ. ಸಮುದ್ರ ದಾಟಿ ಬಂದ ಈ ನೆಂಟನ ಮುಂದೆ ನಿಂತು ಎಷ್ಟು ದಿಟ್ಟಿಸಿದರೂ ನನಗೆ ಒಂದಕ್ಷರವೂ ಹತ್ತಲಿಲ್ಲ. ಬಳಕೆ ತಪ್ಪಿದ ಬರೆಹದ ಮುಂದೆ ನಾನೂ ಆ ಹುಡುಗಿಯೂ ಒಂದೇ.

ನಮ್ಮ ಕಾಸರಗೋಡಿನವರಿಗೆ ಈ ಅನುಭವ ಹೊಸದಲ್ಲ. ಹಳೆಯ ಮನೆಗಳ ಅಟ್ಟದಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳಿವೆ, ಓದಬಲ್ಲವರು ಬೆರಳೆಣಿಕೆಯಷ್ಟು. ಕನ್ನಡಕ್ಕೆ ಆ ಗತಿ ಬಂದಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಪುಟವನ್ನು ನಮ್ಮ ಏಳನೆಯ ತರಗತಿಯ ಮಗು ಗಟ್ಟಿಯಾಗಿ ಓದಬಲ್ಲದು; ತಿಳಿಯದ ಪದವನ್ನು ನಿಘಂಟಿನಲ್ಲಿ ಹುಡುಕಬಲ್ಲದು. ಆದರೆ ಅದೇ ಮಗುವಿನ ಅಕ್ಕನಿಗೆ ಕನ್ನಡದಲ್ಲಿ ಬರುವುದು ಮನೆಯ ಮಾತಷ್ಟೇ ಆಗಿರಬಹುದು. ವಿಜ್ಞಾನವೂ ಲೆಕ್ಕವೂ ಬೇರೆ ಭಾಷೆಗೆ ಸೇರಿಹೋಗಿರಬಹುದು. ವಿಯೆಟ್ನಾಮಿನವರು ಅಕ್ಷರವನ್ನು ಬಿಟ್ಟು ಭಾಷೆಗೆ ಕೆಲಸ ಕೊಟ್ಟರು. ನಾವು ಅಕ್ಷರವನ್ನು ಉಳಿಸಿಕೊಂಡು ಭಾಷೆಯ ಕೆಲಸವನ್ನು ಒಂದೊಂದಾಗಿ ಬಿಡಿಸುತ್ತಿದ್ದೇವೆ. ಎರಡರಲ್ಲಿಯೂ ನಷ್ಟವಿದೆ; ಅವರ ನಷ್ಟ ಹಿಂದಿನದು, ನಮ್ಮದು ಮುಂದಿನದು.

ಗಡಿಯಾಚೆಯ ಕನ್ನಡಿಗರಾದ ನಮ್ಮ ಕೈಯಲ್ಲಿ ವಿಶ್ವವಿದ್ಯಾಲಯಗಳಿಲ್ಲ, ಸರಕಾರದ ಆಜ್ಞೆಯೂ ಇಲ್ಲ. ಮನೆಯಿದೆ, ಊರಿನ ಶಾಲೆಯಿದೆ. ಅಜ್ಜ ಬರೆದಿಟ್ಟ ಅಡಿಕೆ ಮಾರಾಟದ ಲೆಕ್ಕದ ಪುಸ್ತಕವನ್ನು ಒಂದು ಸಂಜೆ ಮಕ್ಕಳ ಕೈಗೆ ಕೊಟ್ಟು ಓದಿಸಬಹುದು. ಅದರಲ್ಲಿರುವ ತೂಕವನ್ನು ಕಿಲೋಗ್ರಾಂಗೆ ಪರಿವರ್ತಿಸಿ, ಅಂದಿನ ಬೆಲೆಯನ್ನು ಇಂದಿನದರೊಡನೆ ಹೋಲಿಸಿ, ಲೆಕ್ಕವನ್ನು ಕನ್ನಡದಲ್ಲಿಯೇ ಮಾಡಿಸಬಹುದು. ಅಜ್ಜನ ಕೈಬರೆಹ ಓದಲು ನಮ್ಮ ಮಕ್ಕಳು ಇನ್ನೂ ಯಾರಿಗೂ ಹಣ ಕೊಡಬೇಕಾಗಿಲ್ಲ.