ಕಣ್ಣು ಕುಕ್ಕದ ಹೊಳಪು

ಮುಂಬಯಿಯ ಕಡಲ ಗಾಳಿಗೆ ಕಿಟಕಿಯ ಸರಳೂ ಉಳಿಯದು, ಛತ್ರಿಯ ಕಡ್ಡಿಯೂ ಉಳಿಯದು. ಅದಕ್ಕೇ ನಮ್ಮ ಸೊಸಾಯಿಟಿಯವರು ಬಾಲ್ಕನಿಗಳಿಗೆ ಸ್ಟೇನ್‌ಲೆಸ್ ಸ್ಟೀಲಿನ ರೇಲಿಂಗು ಹಾಕಿಸಲು ಹೊರಟರು. ಸಭೆಯಲ್ಲಿ ಚರ್ಚೆಯೋ ಚರ್ಚೆ: ಕನ್ನಡಿಯಂತೆ ಹೊಳೆಯಬೇಕೋ, ಉಜ್ಜಿದ ಮಂಕು ಮೈ ಸಾಕೋ?

ಮೈಯ ನುಣುಪು ಬರಿಯ ಅಲಂಕಾರವಲ್ಲ, ನೋಡಿ. ಈ ಉಕ್ಕಿನಲ್ಲಿ ನೂರಕ್ಕೆ 10.5 ಪಾಲಾದರೂ ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ತುಕ್ಕಿಗೆ ಅದೇ ತಡೆ. ಒರಟಾಗಿ ಉಜ್ಜಿದರೆ ಗೀರುಗಳಲ್ಲಿ ಕಡಲುಪ್ಪು ಕೂತು ಪೊರೆಯನ್ನು ಕೊರೆಯುತ್ತದೆ. ನುಣುಪಾಗಿದ್ದರೆ ಮಳೆಯೇ ಉಪ್ಪನ್ನು ತೊಳೆದೊಯ್ಯುತ್ತದೆ.

ಹಾಗೆಂದು ಕನ್ನಡಿಯ ಹೊಳಪು ಎಲ್ಲೆಡೆಗೂ ಸಲ್ಲದು. ಲಾಸ್ ಏಂಜಲೀಸಿನಲ್ಲಿ 2003ರಲ್ಲಿ ತೆರೆದ ವಾಲ್ಟ್ ಡಿಸ್ನಿ ಸಂಗೀತ ಸಭಾಂಗಣದ ಕೆಲವು ಬಾಗುಗೋಡೆಗಳು ಥಳಥಳಿಸಿ, ಬಿಸಿಲನ್ನೆಲ್ಲ ಎದುರು ಮನೆಗಳತ್ತ ಎರಚಿದವು. ನೆರೆಯವರು ಝಳ ತಾಳದೆ ದೂರಿದರು. 2005ರಲ್ಲಿ ಆ ಗೋಡೆಗಳನ್ನು ಉಜ್ಜಿ ಮಂಕಾಗಿಸಬೇಕಾಯಿತು.

ನಮ್ಮೆದುರಿಗೂ ಒಂದು ಚಾಳಿದೆ. ಅಲ್ಲಿಯ ಮುದುಕರು ಹಗಲೆಲ್ಲ ಪಡಸಾಲೆಯಲ್ಲೇ ಕೂರುವವರು. ಆದ್ದರಿಂದ ನಾನು ನಯವಾಗಿ ಉಜ್ಜಿದ ಮಂಕು ಮೈಗೇ ಕೈಯೆತ್ತಿದೆ. ಮಳೆ ತಾಗದ ಕಡೆ ಆಗಾಗ ಸಿಹಿನೀರಿನಿಂದ ನಾವೇ ತೊಳೆದರಾಯಿತು. ನಮ್ಮ ಮನೆಯ ಅಂದ ಎದುರುಮನೆಯವರ ಕಣ್ಣು ಕುಕ್ಕಬಾರದಲ್ಲವೆ?