ಬದುಕಿ ಉಳಿದವರ ಗಾಯ

ಪಳೆಯುಳಿಕೆ ಕೂಡಿಡುವವರು ಹೆಚ್ಚಾಗಿ ಹುಡುಕುವುದು ಒಂದು ಚೂರೂ ಮುಕ್ಕಾಗದ ಟ್ರೈಲೋಬೈಟನ್ನು, ಎಂದರೆ ಪ್ರಾಚೀನ ಕಡಲಿನ ಕವಚದ ಜೀವಿಯನ್ನು. ನನಗೆ ಮುಕ್ಕಾದದ್ದೇ ಬೇಕು. ಅಂಚು ಹರಿದ, ಮುಳ್ಳು ಮುರಿದ ಕವಚವೊಂದು ಕೈಗೆ ಸಿಕ್ಕರೆ ಆ ಸಂಜೆಗೆ ಅಷ್ಟು ಸಾಕು. ಮೇಜಿನ ದೀಪ ಬಗ್ಗಿಸಿ, ಬೆಳಕು ಓರೆಯಾಗಿ ಬೀಳುವಂತೆ ಮಾಡಿಕೊಂಡು, ಭೂತಗನ್ನಡಿ ಹಿಡಿದು ಕೂರುತ್ತೇನೆ. ನೇರ ಬೆಳಕಿನಲ್ಲಿ ಅಡಗಿದ್ದ ಉಬ್ಬುತಗ್ಗುಗಳೆಲ್ಲ ಆಗ ನೆರಳು ಚೆಲ್ಲಿ ಎದ್ದು ಕಾಣುತ್ತವೆ.

ಈಗ ಮೇಜಿನ ಮೇಲಿರುವುದು ಎಲ್ರೇಥಿಯಾ ಕಿಂಗೀ ಎಂಬ ಟ್ರೈಲೋಬೈಟ್. ಅಮೆರಿಕದ ಯೂಟಾ ರಾಜ್ಯದ ಹೌಸ್ ರೇಂಜ್ ಬೆಟ್ಟಗಳ ವೀಲರ್ ಶೇಲ್ ಪದರಗಳಿಂದ ಬಂದದ್ದು. ಸುಮಾರು 50 ಕೋಟಿ ವರ್ಷಗಳ ಹಿಂದಿನ ಕಡಲಿನ ಜೀವಿ. ಎಡಬದಿಯ 13 ಪಕ್ಕೆಗಳೂ ಸಾಲಾಗಿ ಅಂಚು ಮುಟ್ಟಿವೆ. ಬಲಬದಿಯಲ್ಲಿ, ಬಾಲದ ಹತ್ತಿರ, ಮೂರು ಪಕ್ಕೆಗಳ ತುದಿಯೇ ಇಲ್ಲ. ಕಚ್ಚಿ ಬಿಟ್ಟ ಹಪ್ಪಳದಂತೆ ಕಮಾನಿನಾಕಾರದ ಕೊರತೆ. ಆದರೆ ಆ ಅಂಚು ಚೂಪಾಗಿಲ್ಲ. ದುಂಡಗಾಗಿ, ತುಸು ದಪ್ಪಗಾಗಿದೆ. ನಡುವಿನ ಪಕ್ಕೆಯಿಂದ ಮೊಂಡು ತುದಿಯೊಂದು ಮತ್ತೆ ಚಿಗುರಿದೆ. ಸತ್ತ ಮೇಲೆ ಮುರಿದ ಚಿಪ್ಪು ಹೀಗೆ ಮಾಯುವುದಿಲ್ಲ. ಟ್ರೈಲೋಬೈಟ್‌ಗಳು ಏಡಿಗಳ ಹಾಗೆ ಪೊರೆ ಕಳಚಿ ಬೆಳೆಯುತ್ತಿದ್ದವು. ಹೊಸ ಕವಚ ಬಂದಂತೆಲ್ಲ ಹಳೆಯ ಗಾಯ ಸ್ವಲ್ಪ ಸ್ವಲ್ಪ ತುಂಬಿಕೊಳ್ಳುತ್ತಿತ್ತು. ಪೊರೆ ಕಳಚುವಾಗಿನ ಅವಘಡವೂ ಗುರುತು ಉಳಿಸಬಲ್ಲದು. ಹಲವು ಪಕ್ಕೆಗಳಿಗೆ ಒಟ್ಟಿಗೇ ತಗುಲಿದ ಕಮಾನು ಕಂಡಾಗ ಮಾತ್ರ ಯಾವುದೋ ಬಾಯಿಯ ನೆನಪಾಗುತ್ತದೆ.

ಯಾರ ಬಾಯಿ? ಬಹುಕಾಲ ಎಲ್ಲರೂ ಬೆರಳು ತೋರಿದ್ದು ಅನೋಮಲೋಕಾರಿಸ್ ಕಡೆಗೆ. 1892ರಲ್ಲಿ ಅದರ ಮುಂಗೈಯನ್ನಷ್ಟೇ ಕಂಡ ವಿಜ್ಞಾನಿ ವೈಟೀವ್ಸ್ ಅದೊಂದು ಸೀಗಡಿಯಂಥ ಪ್ರಾಣಿಯ ಮೈ ಎಂದುಕೊಂಡಿದ್ದರು. ಬಿಡಿ ಭಾಗಗಳೆಲ್ಲ ಒಂದೇ ದೊಡ್ಡ ಬೇಟೆಗಾರನವು ಎಂದು 1985ರಲ್ಲಿ ವಿಟಿಂಗ್ಟನ್ ಮತ್ತು ಬ್ರಿಗ್ಸ್ ತೋರಿಸಿಕೊಟ್ಟರು. ಆದರೆ ಆ ಮುಂಗೈಗಳು ಗಟ್ಟಿ ಚಿಪ್ಪಿಗಿಂತ ಮೆತ್ತನೆಯ ಬೇಟೆಗೇ ಹೊಂದುತ್ತವೆ ಎಂದಿತು 2023ರ ಅಧ್ಯಯನ. ಅತ್ತ ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದಲ್ಲಿ ಸಿಕ್ಕ, 2019ರಲ್ಲಿ ಹೆಸರು ಪಡೆದ ರೆಡ್ಲಿಚಿಯಾ ರೆಕ್ಸ್‌ನ ಕಾಲುಗಳ ಬುಡದಲ್ಲಿ ಚಿಪ್ಪು ಪುಡಿಮಾಡಬಲ್ಲ ಮುಳ್ಳುಗಳಿವೆ. ಅದೂ ಟ್ರೈಲೋಬೈಟೇ, 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತಿತ್ತು. ಅದೇ ಪದರಗಳಲ್ಲಿ ಕಲ್ಲಾಗಿ ಉಳಿದ ಹಿಕ್ಕೆಗಳಲ್ಲಿ ಟ್ರೈಲೋಬೈಟ್ ಚೂರುಗಳಿವೆ. ತಮ್ಮವರನ್ನೇ ತಿನ್ನುತ್ತಿದ್ದವೆಂಬ ಗುಮಾನಿಗೆ ಇದಕ್ಕಿಂತ ಬಲವಾದ ಆಧಾರ ಬೇಕೆ?

ಮಾಯ್ದ ಗಾಯಗಳು ಬಲಬದಿಯಲ್ಲೇ ಹೆಚ್ಚು ಎಂದು ಬ್ಯಾಬ್‌ಕಾಕ್ ಮತ್ತು ರಾಬಿಸನ್ 1989ರಲ್ಲಿ ಬರೆದರು. ಬೇಟೆಗಾರನಿಗೆ ಒಂದು ಮಗ್ಗುಲಿನ ಒಲವಿತ್ತೇ ಎಂದು ಓದುಗನಾಗಿ ನಾನೂ ರೋಮಾಂಚಿತನಾದೆ. ಆದರೆ ಲೆಕ್ಕಕ್ಕೆ ಸಿಕ್ಕುವುದು ತಪ್ಪಿಸಿಕೊಂಡವರು ಮಾತ್ರ. ತಲೆಗೇ ಪೆಟ್ಟು ಬಿದ್ದದ್ದು ಚೂರುಚೂರಾಗಿ ಹೊಟ್ಟೆ ಸೇರಿತು. ಕಡಿತದ ಪ್ರತಿ ಕಲೆಯೂ ಕೈತಪ್ಪಿದ ಬೇಟೆಯೊಂದರ ದಾಖಲೆ. ಗೆದ್ದ ಬೇಟೆಯ ಲೆಕ್ಕ ಹಿಕ್ಕೆಯಲ್ಲಿದೆ. ಎರಡನ್ನೂ ಜೋಡಿಸಿ ಓದಿದರೇ ಆ ಕಡಲಿನ ಬದುಕು ಅರ್ಥವಾಗುವುದು.

ಮಾರಾಟಕ್ಕೆ ಬರುವ ಪಳೆಯುಳಿಕೆಗಳಲ್ಲಿ ಮುಕ್ಕಾದ ಅಂಚಿಗೆ ರಾಳ ತುಂಬಿ, ಬಣ್ಣ ಬಳಿದು, ಅಂದಗೊಳಿಸುವುದುಂಟು. ಆ ಪುಟ್ಟ ಪ್ರಾಣಿಯ ಬಾಳಿನಲ್ಲಿ ನಡೆದದ್ದೆಂದು ನಮಗೆ ತಿಳಿಯಬಲ್ಲ ಒಂದೇ ಒಂದು ಘಟನೆ ಅಲ್ಲಿಗೆ ಅಳಿಸಿಹೋಗುತ್ತದೆ. ಕೊಳ್ಳುವವರು ದಯವಿಟ್ಟು ಮುಕ್ಕನ್ನು ಮುಕ್ಕಾಗಿಯೇ ಕೇಳಿ ಪಡೆಯಿರಿ.