ಇಂಗ್ಲಿಷಿನ ಹಿತ್ತಿಲ ಕೊಟ್ಟಿಗೆ

2017ರ ಮೇ ತಿಂಗಳಲ್ಲಿ ಶಶಿ ತರೂರ್ ಒಂದು ಟಿ.ವಿ. ವಾಹಿನಿಯ ಮೇಲೆ ಸಿಟ್ಟಾಗಿ ಟ್ವಿಟರ್‌ನಲ್ಲಿ ‘ಫರಾಗೊ’ ಎಂಬ ಪದ ಎಸೆದರು. ಅವರ ಸಿಟ್ಟಿಗಿಂತ ಆ ಪದವೇ ಜೋರಾಗಿ ನಾಟಿತು. ಜನ ನಿಘಂಟು ತೆರೆದರು, ‘ಹಾಳುಮೂಳು ಕಲಸಿದ್ದು’ ಎಂದು ಅರ್ಥ ಸಿಕ್ಕ ಕೂಡಲೇ ಮುಚ್ಚಿದರು. ಇನ್ನೊಂದು ಸಾಲು ಕೆಳಗಿಳಿದಿದ್ದರೆ ಮಜಾ ಅಲ್ಲಿತ್ತು. ಲ್ಯಾಟಿನ್‌ನಲ್ಲಿ ಫರಾಗೊ ಎಂದರೆ ದನಗಳಿಗೆ ಹಾಕುವ ಕಲಬೆರಕೆ ಮೇವು.

ದನದ ಮೇವಿನ ಹೆಸರು ಹಿಡಿದು ಬೈಯುವುದರಲ್ಲಿ ನಾವೇನು ಹಿಂದೆ ಬಿದ್ದವರಲ್ಲ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದದ್ದೇ ತಡ, ರಾಜ್ಯ ಹೊತ್ತಿಕೊಂಡಿತು, ಅವರ ಮಂತ್ರಿಗಿರಿಯೂ ಹೋಯಿತು. ರೋಮಿನ ವಿಡಂಬನ ಕವಿ ಜುವೆನಾಲ್ ಜಾಣ. ಸುಮಾರು 1900 ವರ್ಷಗಳ ಹಿಂದೆಯೇ ತನ್ನ ಪುಸ್ತಕದ ಸರಕನ್ನು ತಾನೇ ಫರಾಗೊ ಎಂದು ಕರೆದುಕೊಂಡುಬಿಟ್ಟ. ತನ್ನ ಬರಹಕ್ಕೆ ತಾನೇ ಬೂಸಾ ಎಂದವನ ರಾಜೀನಾಮೆ ಯಾರು ಕೇಳುತ್ತಾರೆ?

ಇಷ್ಟು ಕಥೆ ಕೇಳಿದ ಮೇಲೆ ಫರಾಗೊ ಮರೆಯಬೇಕೆಂದರೂ ಮರೆಯದು. ಕಥೆಯಿಲ್ಲದ ಪದಗಳ ಪಾಡು ಬೇರೆ. ಒಂದು ಕಾಲದಲ್ಲಿ ಅಮೆರಿಕಕ್ಕೆ ಹೊರಟ ಬೆಂಗಳೂರಿನ ಹುಡುಗರು ಜಿ.ಆರ್.ಇ. ಪರೀಕ್ಷೆಗೆಂದು ಬ್ಯಾರನ್ಸ್ ಪುಸ್ತಕದ 3,500 ಪದಗಳ ಪಟ್ಟಿಯನ್ನು ಉರು ಹೊಡೆಯುತ್ತಿದ್ದರು. ಅಬೇಸ್, ಅಬ್ಯಾಶ್, ಅಬೇಟ್ ಎಂದು ಮಗ್ಗಿಯ ರಾಗದಲ್ಲಿ. ಅವೆನ್ಯೂ ರಸ್ತೆಯಲ್ಲಿ ಆ ಪುಸ್ತಕದ ಹಳೇ ಪ್ರತಿ ಬಿಚ್ಚಿದರೆ ‘ಎ’ ತುಂಬ ಪೆನ್ಸಿಲ್ ಗೀಟು, ‘ಸಿ’ ದಾಟಿದ ಮೇಲೆ ಪುಟಗಳು ಕನ್ಯೆಯರು. ಅದೇ ರಸ್ತೆಯಲ್ಲಿ ಪಕ್ಕದಲ್ಲೇ ಸಿಗುವ ನಾರ್ಮನ್ ಲೂಯಿಸ್‌ನ ‘ವರ್ಡ್ ಪವರ್ ಮೇಡ್ ಈಸಿ’ 1949ರದು. ಒಂದು ಬೇರು ಹಿಡಿದು ಹತ್ತು ಪದ ಕೀಳುವ ವಿದ್ಯೆಯನ್ನು ಅದು ಕಲಿಸುತ್ತದೆ. ನನ್ನ ಓಟು ಲೂಯಿಸ್‌ಗೆ. ಆದರೆ ತಕರಾರಿಲ್ಲದ ಓಟಲ್ಲ.

ಲ್ಯಾಟಿನ್‌ನ ‘ಗ್ರೆಕ್ಸ್’ ತೆಗೆದುಕೊಳ್ಳಿ. ಹಿಂಡು, ಮಂದೆ ಎಂದು ಅರ್ಥ. ಹಿಂಡಿನಲ್ಲಿರಲು ಬಯಸುವವನು ಗ್ರಿಗೇರಿಯಸ್. ಹಿಂಡಿನಿಂದ ಬೇರೆ ಮಾಡಿದರೆ ಸೆಗ್ರಿಗೇಟ್. ದಿನ ಬೆಳಗಾದರೆ ಹಸಿ ಕಸ, ಒಣ ಕಸ ಎಂದು ನಾವು ಮಾಡುವುದೂ ಅದನ್ನೇ. ಒಟ್ಟುಗೂಡಿದರೆ ಕಾಂಗ್ರಿಗೇಶನ್. ಇಲ್ಲಿಯವರೆಗೆ ಬೇರು ನಂಬಿಗಸ್ತ. ಇನ್ನು ಹಿಂಡಿನಿಂದ ಎದ್ದು ಹೊರಗೆ ನಿಂತವನು ಇಗ್ರೀಜಿಯಸ್. ಅಂದರೆ ಅಸಾಮಾನ್ಯ, ಶ್ರೇಷ್ಠ ಎಂದೇ ಅಲ್ಲವೇ? ಬೇರಿನ ಮಾತು ನಂಬಿ ಯಾರಾದರೂ ಕೆಲಸದ ಅರ್ಜಿಯಲ್ಲಿ ‘ನಾನೊಬ್ಬ ಇಗ್ರೀಜಿಯಸ್ ಎಂಜಿನಿಯರ್’ ಎಂದು ಬರೆದುಕೊಂಡರೆ ಸಂದರ್ಶನದ ಪತ್ರವಂತೂ ಬರುವುದಿಲ್ಲ. ಇಂಗ್ಲಿಷಿನಲ್ಲಿ ಇವತ್ತು ಅದು ಎದ್ದು ಕಾಣುವಷ್ಟು ಕೆಟ್ಟದ್ದಕ್ಕೆ ಮೀಸಲು: ಇಗ್ರೀಜಿಯಸ್ ತಪ್ಪು, ಇಗ್ರೀಜಿಯಸ್ ಅನ್ಯಾಯ. ಇಟಲಿಯಲ್ಲಿ ಮಾತ್ರ ಅದರ ಒಡಹುಟ್ಟು ‘ಎಗ್ರೇಜಿಯೊ’ ಈಗಲೂ ಪತ್ರದ ತಲೆಯಲ್ಲಿ ‘ಮಾನ್ಯರೇ’ ಎಂದು ಕೈಮುಗಿಯುತ್ತ ಕೂತಿದೆ.

ಹೊಗಳಿಕೆ ಬೈಗುಳವಾದದ್ದು ಹೇಗೆ? ವ್ಯಂಗ್ಯದಿಂದ ಇರಬೇಕು ಎನ್ನುತ್ತಾರೆ. ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಎಲ್ಲಿ ಹಾಳಾಗಿ ಹೋದ ಆ ಪುಣ್ಯಾತ್ಮ?’ ಎಂದು ಮನೆಯಲ್ಲಿ ಕೂಗಿದಾಗ ಅಲ್ಲಿ ಪುಣ್ಯವೆಷ್ಟು, ಆತ್ಮವೆಷ್ಟು ಎಂದು ಸಂಧಿ ಬಿಡಿಸಿ ನೋಡುವವರುಂಟೇ? ಘನಂದಾರಿ ಕೆಲಸ ಎಂದರೆ ಘನವಾದ ಕೆಲಸವೆಂದು ತಿಳಿದ ಪರದೇಶಿಯ ಗತಿ ಏನು! ಪದ ಎಲ್ಲಿ ಹುಟ್ಟಿತು ಎಂಬುದನ್ನು ಬೇರು ಹೇಳೀತು. ಅದರ ಈಗಿನ ನಡತೆ ತಿಳಿಯಬೇಕಾದರೆ ಅದು ಯಾರ ಜೊತೆ ಓಡಾಡುತ್ತದೆ ಎಂದು ನೋಡಬೇಕು. ಜಿ.ಆರ್.ಇ.ಯವರೂ 2011ರಲ್ಲಿ ವಿರುದ್ಧಪದ ಕೇಳುವುದನ್ನು ಕೈಬಿಟ್ಟು, ವಾಕ್ಯದೊಳಗೆ ಪದ ಕೂರಿಸುವುದಕ್ಕೆ ಒತ್ತು ಕೊಟ್ಟರು.

ಮೇವು, ಮಂದೆ ಎನ್ನುತ್ತ ಮಾತು ಮತ್ತೆ ದನಕ್ಕೇ ಬಂತು ನೋಡಿ. ಬಟರ್, ಬ್ಯೂಗಲ್, ವ್ಯಾಕ್ಸೀನ್ ಮೂರರ ಹಿಂದೆಯೂ ದನವಿದೆ. ಕೂತು ಯೋಚಿಸುವುದಕ್ಕೆ ರೂಮಿನೇಟ್ ಎನ್ನುತ್ತಾರೆ. ಅದರ ಹಳೆಯ ಅರ್ಥ ಮೆಲುಕು ಹಾಕುವುದು, ನಾವು ನೆನಪುಗಳನ್ನು ಹಾಕುವ ಹಾಗೆಯೇ. ಹಣಕ್ಕೆ ಸಂಬಂಧಿಸಿದ ‘ಪೆಕ್ಯೂನಿಯರಿ’ಯ ಬೇರು ‘ಪೆಕು’, ಎಂದರೆ ದನಕರು. ಅದು ನಮ್ಮ ‘ಪಶು’ವಿನ ದಾಯಾದಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಇರಬೇಕೆಂದು ಭಾಷಾಪಂಡಿತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದು ಇಂಥವನ್ನು ಕಂಡೇ. ದನವೇ ಧನ ಎಂಬುದಕ್ಕೆ ನಮಗೆ ಲ್ಯಾಟಿನ್ನಿನ ಸಾಕ್ಷಿ ಬೇಡ, ತುರುಗೋಳಿನಲ್ಲಿ ಸತ್ತವರ ವೀರಗಲ್ಲುಗಳು ಸಾಕು. ವಿದ್ವಾಂಸರು ನಡೆಸುವ ಗೋಷ್ಠಿಯೂ ಮೂಲದಲ್ಲಿ ಗೋವು ಕಟ್ಟುವ ಗೋಷ್ಠದಿಂದ ಬಂದದ್ದು. ಅವರು ಮಾಡುವ ಗವೇಷಣೆ ಕಳೆದ ಹಸುವಿನ ಹುಡುಕಾಟ. ಇಂಥದನ್ನು ‘ಕಸ್ತೂರಿ’ ಮಾಸಪತ್ರಿಕೆಯಲ್ಲಿ ಪಾ.ವೆಂ. ಆಚಾರ್ಯರು ಪದಾರ್ಥ ಚಿಂತಾಮಣಿಯೆಂದು ಬರೆಯುತ್ತಿದ್ದರು. ಕನ್ನಡ ಪದಗಳ ಆ ರುಚಿ ಹತ್ತಿದವರಿಗೆ ಇಂಗ್ಲಿಷಿನ ಬೇರುಗಳು ಅಷ್ಟೇನೂ ಅನ್ಯವೆನಿಸಲಾರವು.

ಆದರೂ ಪೆಕ್ಯೂನಿಯರಿ ಕಲಿತಿರೆಂದು ಸ್ನೇಹಿತನ ಹತ್ತಿರ ‘ಪೆಕ್ಯೂನಿಯರಿ ತೊಂದರೆ’ ಎಂದು ಕೈಚಾಚಬೇಡಿ. ಅದು ಕೋರ್ಟಿನ ಆದೇಶದಲ್ಲಿ, ವಿಮೆಯ ಕಾಗದದಲ್ಲಿ ಕೋಟು ಹಾಕಿಕೊಂಡು ಕೂರುವ ಪದ. ಸಾಲ ಹುಟ್ಟುವುದಿಲ್ಲ.